4 ವರ್ಷದ ಅನುಭವ ಇದ್ದರೂ ಇಂಟರ್‌ವ್ಯೂಗೆ ಕರೆ ಬರುತ್ತಿಲ್ಲ, ರೆಸ್ಯೂಮೆಯಲ್ಲಿ ಏನು ಬದಲಿಸಬೇಕು?

ತೂಕದಕಲ್ಲು ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸ್ಟೋರ್ಸ್ (ದಾಸ್ತಾನು) ವಿಭಾಗದಲ್ಲಿ 4 ವರ್ಷ ಅನುಭವ ಇದೆ. ಈಗ ಇನ್ವೆಂಟರಿ ಅನಲಿಸ್ಟ್ ಹುದ್ದೆಗಳಿಗೆ ಅರ್ಜಿ ಹಾಕುತ್ತಿದ್ದೇನೆ. ಒಂದೇ ರೆಸ್ಯೂಮೆಯನ್ನು ಎಲ್ಲ ಕಡೆಗೂ ಕಳಿಸುತ್ತಿದ್ದೇನೆ, ಎಲ್ಲಿಂದಲೂ ಉತ್ತರ ಇಲ್ಲ.

ಈಗಿರುವ ರೆಸ್ಯೂಮೆ ಹೀಗಿದೆ: ಎರಡು ಕಾಲಮ್ಮಿನ ಬಣ್ಣದ ಟೆಂಪ್ಲೇಟ್. ಎಡಗಡೆ ಫೋಟೊ, ಫೋನ್ ನಂಬರ್, ಕೌಶಲಗಳ ಪಕ್ಕ ಶೇಕಡಾವಾರು ಪಟ್ಟಿಗಳು. ಬಲಗಡೆ ಮೇಲೆ ‘ನನ್ನ ಪ್ರತಿಭೆಯನ್ನು ಸಂಸ್ಥೆಯ ಬೆಳವಣಿಗೆಗೆ ಬಳಸುವ ಸವಾಲಿನ ಹುದ್ದೆ ಬಯಸುತ್ತೇನೆ’ ಅನ್ನುವ ಗುರಿ, ಅದರ ಕೆಳಗೆ ಕೆಲಸದ ವಿವರ. ಒಟ್ಟು ಎರಡೂವರೆ ಪುಟ.

ಕೇಳಬೇಕಿರುವುದು ಇಷ್ಟು. ಕಂಪನಿಗಳು ಅರ್ಜಿಗಳನ್ನು ನಿಭಾಯಿಸಲು ಬಳಸುವ ಎಟಿಎಸ್ ಸಾಫ್ಟ್‌ವೇರ್ ರೆಸ್ಯೂಮೆಯನ್ನು ತಾನೇ ತೆಗೆದು ಎಸೆಯುತ್ತದೆ ಅನ್ನುತ್ತಾರೆ, ನಿಜವೇ? ಒಂದು ಪುಟ ಸಾಕೋ, ಎರಡು ಬೇಕೋ? ನಡುವೆ 14 ತಿಂಗಳು ಕೆಲಸ ಇರಲಿಲ್ಲ, ಅದನ್ನು ಬರೆಯಬೇಕೇ? ಸ್ಟೋರ್ಸ್ ಕೆಲಸದಲ್ಲಿ ಮಾರಾಟದ ಹಾಗೆ ದೊಡ್ಡ ಅಂಕಿ ತೋರಿಸುವಂಥದ್ದು ಏನೂ ಇರುವುದಿಲ್ಲ. ‘ಸ್ಟಾಕ್ ನಿರ್ವಹಣೆ ಮಾಡಿದ್ದೇನೆ’ ಅನ್ನುವುದು ಬಿಟ್ಟು ಬೇರೆ ಏನು ಬರೆಯಲು ಸಾಧ್ಯ?

ನೇಮಕಾತಿಮೇಜು ಉತ್ತರಿಸಿದ್ದು

ಎಟಿಎಸ್ ವಿಚಾರದಿಂದಲೇ ಶುರು ಮಾಡುತ್ತೇನೆ, ಇದರ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ.

ಆ ಸಾಫ್ಟ್‌ವೇರ್ ಮೊದಲು ಮಾಡುವುದು ನಿಮ್ಮ ಫೈಲಿನಲ್ಲಿರುವ ಅಕ್ಷರಗಳನ್ನು ಹೊರತೆಗೆದು ಹೆಸರು, ಫೋನ್, ಕಂಪನಿ, ಹುದ್ದೆ, ತಾರೀಕು, ಓದು, ಕೌಶಲ ಅಂತ ಬೇರೆಬೇರೆ ಖಾನೆಗಳಿಗೆ ತುಂಬುವುದು. ಆಮೇಲೆ ಎಚ್‌ಆರ್‌ನವರು ಆ ಖಾನೆಗಳಲ್ಲಿ ‘ಸೈಕಲ್ ಕೌಂಟ್’ (ದಾಸ್ತಾನನ್ನು ಸ್ವಲ್ಪಸ್ವಲ್ಪವಾಗಿ ಸರದಿಯಂತೆ ಎಣಿಸುವುದು), ‘ಎಸ್‌ಎಪಿ’ (ಕಂಪನಿಯ ಲೆಕ್ಕ, ದಾಸ್ತಾನು ನೋಡಿಕೊಳ್ಳುವ ಸಾಫ್ಟ್‌ವೇರ್) ಅಂತ ಪದ ಹಾಕಿ ಹುಡುಕುತ್ತಾರೆ. ಕೆಲವು ಸಾಫ್ಟ್‌ವೇರ್‌ಗಳು ಅಂಕ ಕೊಟ್ಟು ಅರ್ಜಿಗಳನ್ನು ಮೇಲೆ ಕೆಳಗೆ ಜೋಡಿಸುತ್ತವೆ. ತಾನಾಗಿಯೇ ತಿರಸ್ಕಾರ ಆಗುವುದು ಹೆಚ್ಚಾಗಿ ಅರ್ಜಿ ಫಾರ್ಮಿನ ಪ್ರಶ್ನೆಗಳಿಂದ: ಎಷ್ಟು ವರ್ಷ ಅನುಭವ, ಊರು ಬದಲಿಸಲು ಸಿದ್ಧವೇ, ಕೆಲಸದ ಪರವಾನಗಿ ಇದೆಯೇ, ನೋಟಿಸ್ ಪೀರಿಯಡ್ ಎಷ್ಟು. ಆ ಉತ್ತರಗಳನ್ನು ಅವಸರದಲ್ಲಿ ತುಂಬಿದರೆ ರೆಸ್ಯೂಮೆ ಎಷ್ಟು ಚೆನ್ನಾಗಿದ್ದರೂ ಯಾರೂ ತೆರೆದು ನೋಡುವುದಿಲ್ಲ.

ಎರಡು ಕಾಲಮ್ಮಿನ ಟೆಂಪ್ಲೇಟಿನಲ್ಲಿ ಆಗುವ ತೊಂದರೆ ಖಾನೆ ತುಂಬುವ ಹಂತದಲ್ಲೇ. ಹೀಗೆ ಅಕ್ಷರ ಹೊರತೆಗೆಯುವ ಕೆಲವು ಪಾರ್ಸರ್‌ಗಳು ಪುಟದ ಎಡ ಅಂಚಿನಿಂದ ಬಲ ಅಂಚಿನವರೆಗೆ ಒಂದೇ ಸಾಲಾಗಿ ಓದಿಕೊಂಡು ಹೋಗುತ್ತವೆ. ಆಗ ಎಡಗಡೆಯ ‘ಎಕ್ಸೆಲ್’ ಹೋಗಿ ಬಲಗಡೆಯ ಕಂಪನಿ ಹೆಸರಿಗೆ ಅಂಟಿಕೊಳ್ಳುತ್ತದೆ. ಟೆಕ್ಸ್ಟ್ ಬಾಕ್ಸ್, ಟೇಬಲ್, ಹೆಡರ್, ಫೂಟರ್ ಒಳಗೆ ಇಟ್ಟಿದ್ದು ಎಷ್ಟೋ ಸಲ ಪೂರ್ತಿ ಬಿಟ್ಟುಹೋಗುತ್ತದೆ. ಫೋನ್ ನಂಬರನ್ನು ಹೆಡರಿನಲ್ಲಿ ಹಾಕಿದ್ದರೆ ಅವರ ಕಡೆ ಆ ಖಾನೆ ಖಾಲಿ.

ಪರೀಕ್ಷೆ ಮಾಡಲು ದುಡ್ಡು ಕೊಡುವ ತಾಣ ಏನೂ ಬೇಡ. ಪಿಡಿಎಫ್ ತೆರೆದು ಎಲ್ಲವನ್ನೂ ಸೆಲೆಕ್ಟ್ ಮಾಡಿ ಕಾಪಿ ಮಾಡಿ, ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ ನೋಡಿ. ಮೂರು ಬಗೆಯ ದೋಷ ಕಾಣಬಹುದು. ಏನೂ ಪೇಸ್ಟ್ ಆಗದಿದ್ದರೆ ನಿಮ್ಮ ಪಿಡಿಎಫ್ ಬರೀ ಚಿತ್ರ, ಅಕ್ಷರ ಇಲ್ಲ. ಸ್ಕ್ಯಾನ್ ಮಾಡಿದ್ದು ಅಥವಾ ವಿನ್ಯಾಸದ ಆ್ಯಪಿನಿಂದ ಇಮೇಜಾಗಿ ಇಳಿಸಿದ್ದು ಹೀಗಾಗುತ್ತದೆ. ಸಾಲುಗಳು ಹಿಂದುಮುಂದಾಗಿದ್ದರೆ ಕಾಲಮ್ಮಿನ ಕಾಟ. ಪದಗಳ ನಡುವೆ ವಿಚಿತ್ರ ಚಿಹ್ನೆ ಇದ್ದರೆ ಫಾಂಟಿನ ತೊಂದರೆ: ಕ್ಯಾಲಿಬ್ರಿಯಂಥ ಫಾಂಟಿನಲ್ಲಿ ಇಂಗ್ಲಿಷಿನ ‘ಟಿ’ ಮತ್ತು ‘ಐ’ ಅಕ್ಷರಗಳು ಕೂಡಿ ಒಂದೇ ಗುರುತಾಗುತ್ತವೆ, ಕಾಪಿ ಮಾಡಿದಾಗ ಬೇರೇನೋ ಆಗಿ ಬರುತ್ತದೆ, ಹುಡುಕಿದಾಗ ಆ ಪದ ಸಿಗುವುದಿಲ್ಲ. ಕನ್ನಡದಲ್ಲಿ ಬರೆದ ರೆಸ್ಯೂಮೆಯಾದರೆ ಯೂನಿಕೋಡ್ ಫಾಂಟ್ ಕಡ್ಡಾಯ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪ್ ಮಾಡಿದ್ದು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಗುರುತುಗಳ ಸಾಲು.

ಒಂದೇ ಕಾಲಮ್, ಮಾಮೂಲಿ ಶೀರ್ಷಿಕೆಗಳು (ಅನುಭವ, ಶಿಕ್ಷಣ, ಕೌಶಲ), ಅಕ್ಷರ 10.5 ಅಥವಾ 11 ಪಾಯಿಂಟ್, ಅಂಚು ಸುಮಾರು 2 ಸೆಂಟಿಮೀಟರ್. ಇಷ್ಟು ಮಾಡಿದರೆ ಎಟಿಎಸ್ ಚಿಂತೆ ಅಲ್ಲಿಗೆ ಮುಗಿಯಿತು. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಪದಗಳನ್ನು ಅಡಗಿಸಿ ತುಂಬುವ ಉಪಾಯ ಯಾರಾದರೂ ಹೇಳಿದರೆ ದಯವಿಟ್ಟು ಮಾಡಬೇಡಿ. ಅಕ್ಷರ ಹೊರತೆಗೆದಾಗ ಅದೆಲ್ಲ ಎದ್ದು ಕಾಣುತ್ತದೆ, ಮೋಸ ಮಾಡಲು ಹೊರಟವರು ಅನ್ನುವ ಹಣೆಪಟ್ಟಿ ಬೀಳುತ್ತದೆ.

ಸಾಲುಗಾರ್ತಿ ಉತ್ತರಿಸಿದ್ದು

ಮೇಲಿನವರು ಹೇಳಿದ್ದು ಫೈಲಿನ ವಿಷಯ. ನನ್ನ ಪ್ರಕಾರ ಕರೆ ಬಾರದಿರಲು ಮುಖ್ಯ ಕಾರಣ ಫೈಲಲ್ಲ, ‘ಒಂದೇ ರೆಸ್ಯೂಮೆಯನ್ನು ಎಲ್ಲ ಕಡೆಗೂ ಕಳಿಸುತ್ತಿದ್ದೇನೆ’ ಅನ್ನುವ ನಿಮ್ಮ ಮಾತು.

ರೆಸ್ಯೂಮೆ ನಿಮ್ಮ ಜೀವನದ ದಾಖಲೆ ಅಲ್ಲ. ಜಾಹೀರಾತಿನಲ್ಲಿ ಅವರು ಕೇಳಿದ ಒಂದೊಂದು ಮಾತಿಗೂ ‘ಇದನ್ನು ಮಾಡಿದ್ದೇನೆ, ಇಲ್ಲಿದೆ ಪುರಾವೆ’ ಅನ್ನುವ ಉತ್ತರ. ಲಿಯೊನಾರ್ಡೊ ಡಾ ವಿಂಚಿ 1482ರ ಸುಮಾರಿಗೆ ಮಿಲಾನಿನ ಲುಡೊವಿಕೊ ಸ್ಫೋರ್ಜಾಗೆ ಕೆಲಸ ಕೇಳಿ ಬರೆದ ಪತ್ರದ ಕರಡು ಉಳಿದಿದೆ. ಅದರಲ್ಲಿ ಮೊದಲು ಬರುವುದು ಸುಲಭವಾಗಿ ಸಾಗಿಸಬಹುದಾದ ಸೇತುವೆ, ಮುತ್ತಿಗೆಯ ಸಲಕರಣೆ, ಫಿರಂಗಿ. ಚಿತ್ರ ಬರೆಯಬಲ್ಲೆ ಅನ್ನುವುದು ಬರುವುದು ಕೊನೆಯಲ್ಲಿ. ಓದುವವನಿಗೆ ಆಗ ಬೇಕಿದ್ದುದು ಯುದ್ಧದ ಎಂಜಿನಿಯರ್.

ಮಾಡುವ ಕ್ರಮ ಹೀಗೆ. ಒಂದು ಜಾಹೀರಾತನ್ನು ಪ್ರಿಂಟ್ ಮಾಡಿ. ಕೆಲಸದ ಹೆಸರುಗಳ ಕೆಳಗೆ ಗೆರೆ ಎಳೆಯಿರಿ: ಸ್ಟಾಕ್ ತಾಳೆ ನೋಡುವುದು, ರೀಆರ್ಡರ್ ಲೆವೆಲ್ (ಸಾಮಾನು ಎಷ್ಟಕ್ಕೆ ಇಳಿದರೆ ಮತ್ತೆ ತರಿಸಬೇಕು ಅನ್ನುವ ಮಟ್ಟ) ನಿಗದಿ, ಮಾಸಿಕ ವರದಿ. ಸಾಧನಗಳ ಹೆಸರಿಗೆ ದುಂಡು ಹಾಕಿ: ಎಸ್‌ಎಪಿ, ಎಕ್ಸೆಲ್. ಒಂದೇ ಮಾತು ಎರಡು ಮೂರು ಸಲ ಬಂದಿದ್ದರೆ ಅವರಿಗೆ ನೋವಿರುವ ಜಾಗ ಅದೇ ಅಂತ ತಿಳಿಯಿರಿ. ಹೀಗೆ 8ರಿಂದ 12 ಗುರುತುಗಳು ಸಿಗುತ್ತವೆ. ಅವುಗಳಲ್ಲಿ ನೀವು ನಿಜವಾಗಿ ಮಾಡಿರುವ ಪ್ರತಿಯೊಂದಕ್ಕೂ ರೆಸ್ಯೂಮೆಯಲ್ಲಿ ಒಂದು ಸಾಲು ಇರಬೇಕು, ಅದೂ ಅವರು ಬಳಸಿದ ಪದದಲ್ಲೇ. ಅವರು ‘ಸೈಕಲ್ ಕೌಂಟ್’ ಅಂದಿದ್ದರೆ ನೀವು ‘ಆವರ್ತ ಎಣಿಕೆ’ ಅಂತ ಬರೆದರೆ ಹುಡುಕಾಟದಲ್ಲಿ ಸಿಗುವುದಿಲ್ಲ. ಜಾಹೀರಾತು ಯಾವ ಭಾಷೆಯಲ್ಲಿದೆಯೋ ರೆಸ್ಯೂಮೆಯೂ ಅದೇ ಭಾಷೆಯಲ್ಲಿ ಇರಲಿ. ನಾನು ಇಲ್ಲಿ ಉದಾಹರಣೆಗಳನ್ನು ಕನ್ನಡದಲ್ಲಿ ಕೊಡುತ್ತಿರುವುದು ಅರ್ಥವಾಗಲಿ ಅಂತ. ಸಂಕ್ಷಿಪ್ತ ರೂಪ ಇದ್ದರೆ ಒಂದು ಸಲ ಎರಡನ್ನೂ ಬರೆಯಿರಿ, ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್ – ಪಿಎಂಪಿ’ ಅಂತ. ಹುಡುಕುವವರು ಯಾವುದನ್ನು ಹಾಕುತ್ತಾರೋ ಹೇಳಲಾಗದು.

ಪ್ರತಿ ಅರ್ಜಿಗೂ ಹೊಸದಾಗಿ ಬರೆಯಬೇಕಾಗಿಲ್ಲ. ಮಾಡಿದ್ದೆಲ್ಲವನ್ನೂ ಬರೆದಿಟ್ಟ 4–5 ಪುಟದ ಒಂದು ಮೂಲ ಪ್ರತಿ ನಿಮ್ಮ ಹತ್ತಿರ ಇರಲಿ, ಅದನ್ನು ಯಾರಿಗೂ ಕಳಿಸಬೇಡಿ. ಅದರಿಂದ ಬೇಕಾದ ಸಾಲುಗಳನ್ನು ಆಯ್ದು, ಮೇಲಿನ ಸಾರಾಂಶ ತಿದ್ದಿ, ಸಾಲುಗಳ ಕ್ರಮ ಬದಲಿಸಿದರೆ ಅರ್ಧ ಗಂಟೆಯ ಕೆಲಸ.

ಇನ್ನು ಅಂಕಿಯ ವಿಷಯ. ಸ್ಟೋರ್ಸ್‌ನಲ್ಲಿ ಅಂಕಿ ಇಲ್ಲ ಅಂದರೆ ಒಪ್ಪಲಾರೆ, ಇಡೀ ಕೆಲಸವೇ ಎಣಿಕೆಯದ್ದು! ನಿಮ್ಮ ‘ಸ್ಟಾಕ್ ನಿರ್ವಹಣೆ ಮಾಡಿದ್ದೇನೆ’ ಅನ್ನುವ ಸಾಲನ್ನೇ ತೆಗೆದುಕೊಳ್ಳೋಣ. ಎಷ್ಟು ಬಗೆಯ ಸಾಮಾನು? 1,200 ಅಂದುಕೊಳ್ಳಿ. ಎಷ್ಟು ಸಲ ಎಣಿಸುತ್ತಿದ್ದಿರಿ? ವರ್ಷಕ್ಕೊಮ್ಮೆ ಇದ್ದದ್ದನ್ನು ವಾರಕ್ಕೊಮ್ಮೆ ಒಂದೊಂದು ರ‍್ಯಾಕಿನಂತೆ ಮಾಡಿದಿರಿ. ಯಾವುದರಲ್ಲಿ? ಎಸ್‌ಎಪಿಯಲ್ಲಿ. ಅದರಿಂದ ಏನು ಬದಲಾಯಿತು? ಲೆಕ್ಕಕ್ಕೂ ರ‍್ಯಾಕಿಗೂ ಇದ್ದ ವ್ಯತ್ಯಾಸ ನೂರಕ್ಕೆ 6 ಇದ್ದದ್ದು 2ಕ್ಕೆ ಇಳಿಯಿತು. ಈಗ ಸಾಲು:

‘1,200 ಬಗೆಯ ಬಿಡಿಭಾಗಗಳಿಗೆ ವಾರದ ಸೈಕಲ್ ಕೌಂಟ್ ಜಾರಿಗೆ ತಂದು, ಎಸ್‌ಎಪಿ ದಾಖಲೆ ಮತ್ತು ನಿಜ ದಾಸ್ತಾನಿನ ನಡುವಿನ ವ್ಯತ್ಯಾಸವನ್ನು 10 ತಿಂಗಳಲ್ಲಿ ಶೇ. 6ರಿಂದ ಶೇ. 2ಕ್ಕೆ ಇಳಿಸಿದೆ.’

ಇದರಲ್ಲಿ ಗಾತ್ರ ಇದೆ, ನೀವು ಮಾಡಿದ ಕೆಲಸ ಇದೆ, ಸಾಧನ ಇದೆ, ಫಲ ಇದೆ, ಹಿಡಿದ ಕಾಲವೂ ಇದೆ. ಫಲದ ಅಂಕಿ ಸಿಗದಿದ್ದರೆ ಗಾತ್ರವನ್ನಾದರೂ ಹೇಳಿ: ದಿನಕ್ಕೆ ಎಷ್ಟು ಜಿಆರ್‌ಎನ್ (ಬಂದ ಸರಕಿನ ರಸೀದಿ), ಎಷ್ಟು ಸರಬರಾಜುದಾರರು, ಎಷ್ಟು ಜನರ ತಂಡ, ಎಷ್ಟು ಗಂಟೆಯ ಕೆಲಸ ಎಷ್ಟಕ್ಕೆ ಇಳಿಯಿತು. ನೆನಪಿನಿಂದ ಹೇಳುವ ಅಂಕಿಗೆ ‘ಸುಮಾರು’ ಸೇರಿಸಿ. ಮೇಲಿನ ಅಂಕಿಗಳು ಬರೀ ಮಾದರಿ, ಅವನ್ನೇ ನಕಲು ಮಾಡಬೇಡಿ. ಇಂಟರ್‌ವ್ಯೂನಲ್ಲಿ ‘ಆ 6 ಅನ್ನು ಹೇಗೆ ಅಳೆದಿರಿ?’ ಅಂತ ಕೇಳುವುದು ಖಚಿತ. ಎರಡು ನಿಮಿಷ ವಿವರಿಸಲಾಗದ ಅಂಕಿ ರೆಸ್ಯೂಮೆಯಲ್ಲಿ ಇರಕೂಡದು. ಹಳೆಯ ಕಂಪನಿಯ ಒಳಗುಟ್ಟಿನ ಮೊತ್ತ, ಗ್ರಾಹಕರ ಹೆಸರು ಹಾಕಬೇಡಿ. ಅಂಥ ಕಡೆ ಶೇಕಡಾವಾರು ಸಾಕು. ಗುಟ್ಟು ಬಿಡುವವರು ನಾಳೆ ತಮ್ಮದನ್ನೂ ಬಿಡುತ್ತಾರೆ ಅಂತ ಓದುವವರು ಯೋಚಿಸುತ್ತಾರೆ.

ಅಂಚುಗೆರೆ ಉತ್ತರಿಸಿದ್ದು

ಪುಟದ ಲೆಕ್ಕ: 4 ವರ್ಷದ ಅನುಭವಕ್ಕೆ ಒಂದು ಪುಟ. ಹತ್ತು ವರ್ಷದ ಹತ್ತಿರ ಬಂದವರಿಗೆ ಎರಡು. ಎರಡೂವರೆ ಪುಟ ಯಾರಿಗೂ ಬೇಡ, ಆ ಅರ್ಧ ಪುಟ ಅಂದರೆ ಕತ್ತರಿಸುವ ಕೆಲಸ ಬಾಕಿ ಉಳಿದಿದೆ ಅಂತಲೇ ಅರ್ಥ. ಸಂಶೋಧನೆ, ಬೋಧನೆಯ ಹುದ್ದೆಗೆ ಕೇಳುವ ಸಿವಿ ಬೇರೆ ಜಾತಿ, ಅದಕ್ಕೆ ಈ ಮಿತಿ ಇಲ್ಲ. ಲ್ಯಾಡರ್ಸ್ ಅನ್ನುವ ಉದ್ಯೋಗ ತಾಣ 2018ರಲ್ಲಿ ನೇಮಕಾತಿ ಮಾಡುವವರ ಕಣ್ಣಿನ ಚಲನೆ ಅಳೆದಾಗ ಮೊದಲ ನೋಟಕ್ಕೆ ಸಿಕ್ಕಿದ್ದು ಸರಾಸರಿ 7.4 ಸೆಕೆಂಡ್. ಅಷ್ಟರಲ್ಲಿ ನೋಡಲು ಆಗುವುದು ಈಗಿನ ಹುದ್ದೆ, ಕಂಪನಿ, ತಾರೀಕು, ಮತ್ತೆ ಮೇಲಿನ ಒಂದೆರಡು ಸಾಲು. ಹಾಗಾಗಿ ಪ್ರತಿ ಕೆಲಸದ ಕೆಳಗೆ ಗಟ್ಟಿ ಸಾಲು ಮೊದಲು ಬರಲಿ. ಈಗಿನ ಕೆಲಸಕ್ಕೆ 4–5 ಸಾಲು, ಹಿಂದಿನದಕ್ಕೆ 2–3.

ಆ ‘ಸವಾಲಿನ ಹುದ್ದೆ ಬಯಸುತ್ತೇನೆ’ ತೆಗೆದುಹಾಕಿ. ಹೆಸರು ಬದಲಿಸಿದರೆ ಯಾರ ರೆಸ್ಯೂಮೆಗಾದರೂ ಹೊಂದುವ ಮಾತು ಅದು. ಆ ಜಾಗಕ್ಕೆ ಮೂರು ಸಾಲಿನ ಸಾರಾಂಶ: ಯಾರು, ಎಷ್ಟು ವರ್ಷ, ಯಾವ ಬಗೆಯ ಕೆಲಸ, ಅತಿ ಗಟ್ಟಿಯಾದ ಒಂದು ಪುರಾವೆ, ಯಾವ ಹುದ್ದೆಯತ್ತ ಹೊರಟಿದ್ದೀರಿ. ನಿಮಗೆ ಇದು ಹೆಚ್ಚು ಮುಖ್ಯ, ಯಾಕೆಂದರೆ ಸ್ಟೋರ್ಸ್‌ನಿಂದ ಅನಲಿಸ್ಟ್ ಕಡೆಗೆ ಹೊರಳುತ್ತಿದ್ದೀರಿ. ಅದನ್ನು ನೀವೇ ಹೇಳದಿದ್ದರೆ ಓದುವವರು ‘ತಪ್ಪಿ ಅರ್ಜಿ ಹಾಕಿದ್ದಾರೆ’ ಅಂದುಕೊಂಡು ಮುಂದೆ ಹೋಗುತ್ತಾರೆ.

ಕೌಶಲದ ಪಕ್ಕದ ಶೇಕಡಾವಾರು ಪಟ್ಟಿ: ಎಕ್ಸೆಲ್ 80 ಅಂದರೆ ಉಳಿದ 20 ಯಾವುದು? ಯಾರಿಗೂ ಗೊತ್ತಿಲ್ಲ. ‘ಎಕ್ಸೆಲ್ – ಪಿವೋಟ್ ಟೇಬಲ್, ಎಕ್ಸ್‌ಲುಕಪ್, ಪವರ್ ಕ್ವೆರಿ’ ಅಂತ ಬರೆದರೆ ನಿಮ್ಮ ಮಟ್ಟ ತಾನೇ ತಿಳಿಯುತ್ತದೆ. ‘ಕಠಿಣ ಪರಿಶ್ರಮಿ’, ‘ತಂಡದ ಆಟಗಾರ’ ಇವೆಲ್ಲ ಪಟ್ಟಿಯಿಂದ ಹೊರಗೆ.

ಫೋಟೊ, ಹುಟ್ಟಿದ ದಿನ, ಧರ್ಮ, ಮದುವೆ ವಿವರ – ದೇಶದಿಂದ ದೇಶಕ್ಕೆ ರೂಢಿ ಬೇರೆ, ಜಾಹೀರಾತು ಕೇಳದಿದ್ದರೆ ಬೇಡ. ಗುರುತಿನ ಚೀಟಿಯ ನಂಬರ್, ಪಾಸ್‌ಪೋರ್ಟ್ ನಂಬರ್ ಯಾವತ್ತೂ ಬೇಡ. ರೆಸ್ಯೂಮೆ ಎಷ್ಟು ಕೈ ದಾಟುತ್ತದೋ ನಿಮ್ಮ ಹತೋಟಿಯಲ್ಲಿಲ್ಲ. ವಿಳಾಸಕ್ಕೆ ಊರಿನ ಹೆಸರಷ್ಟೇ ಸಾಕು.

ತೂಕದಕಲ್ಲು ಮತ್ತೆ ಕೇಳಿದ್ದು

ಮೂವರಿಗೂ ಧನ್ಯವಾದ. ನೋಟ್‌ಪ್ಯಾಡ್ ಪರೀಕ್ಷೆ ಮಾಡಿ ನೋಡಿದೆ. ಫೋನ್ ನಂಬರ್ ಬಂದೇ ಇಲ್ಲ, ಕೌಶಲದ ಪಟ್ಟಿ ಎರಡನೇ ಕಂಪನಿಯ ನಡುವೆ ತೂರಿಕೊಂಡಿದೆ. ಒಂದೇ ಕಾಲಮ್ಮಿಗೆ ಬದಲಿಸುತ್ತೇನೆ.

ಇನ್ನೆರಡು ಸಂದೇಹ. 14 ತಿಂಗಳ ಬಿಡುವು ಕಾಣದಿರಲಿ ಅಂತ ತಿಂಗಳು ಬಿಟ್ಟು ವರ್ಷ ಮಾತ್ರ ಹಾಕಿದ್ದೇನೆ, ಅದು ಸರಿಯೇ? ಮತ್ತೆ, ಕಂಪನಿ ಪತ್ರದಲ್ಲಿ ನನ್ನ ಹುದ್ದೆ ‘ಅಸೋಸಿಯೇಟ್ ಗ್ರೇಡ್ 2’ ಅಂತಿದೆ. ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ‘ಸ್ಟೋರ್ ಇನ್‌ಚಾರ್ಜ್’ ಅಂತ ಬರೆಯಬಹುದೇ?

ನೇಮಕಾತಿಮೇಜು ಉತ್ತರಿಸಿದ್ದು

ವರ್ಷ ಮಾತ್ರ ಹಾಕುವುದರಿಂದ ನಿಮಗೇ ನಷ್ಟ. ‘2021–2023’ ಅಂದರೆ 2021ರ ಡಿಸೆಂಬರಿನಿಂದ 2023ರ ಜನವರಿಯವರೆಗೆ ಇರಬಹುದು, ಅದು 14 ತಿಂಗಳು. 2021ರ ಜನವರಿಯಿಂದ 2023ರ ಡಿಸೆಂಬರ್‌ವರೆಗೂ ಇರಬಹುದು, ಅದು 36 ತಿಂಗಳು. ನೋಡುವವರು ಅನುಮಾನದಿಂದ ಕಡಿಮೆಯದನ್ನೇ ಹಿಡಿಯುತ್ತಾರೆ, ಬಿಡುವು ಅಡಗಿಸಿದ್ದಾರೆ ಅನ್ನುವ ಊಹೆಯೂ ಜೊತೆಗೆ ಬರುತ್ತದೆ. ಎಲ್ಲ ಕಡೆ ತಿಂಗಳು, ವರ್ಷ ಎರಡೂ ಇರಲಿ, ಒಂದೇ ರೀತಿಯಲ್ಲಿ ಇರಲಿ. ಒಂದು ಕಡೆ ‘ಮಾರ್ಚ್ 2021’, ಇನ್ನೊಂದು ಕಡೆ ‘03/21’ ಅಂತ ಬರೆದರೆ ಸಾಫ್ಟ್‌ವೇರ್ ಒಟ್ಟು ಅನುಭವವನ್ನು ತಪ್ಪಾಗಿ ಕೂಡುವ ಸಂಭವ ಇದೆ.

ಬಿಡುವನ್ನು ಅನುಭವದ ಪಟ್ಟಿಯಲ್ಲೇ ಅದರ ಕಾಲಕ್ರಮದ ಜಾಗದಲ್ಲಿ ಒಂದು ಸಾಲಾಗಿ ಬರೆಯಿರಿ: ‘ವೃತ್ತಿ ಬಿಡುವು, ಕುಟುಂಬದ ಆರೈಕೆ’ ಅಥವಾ ಕಾರಣ ಏನಿದೆಯೋ ಅದು, ತಿಂಗಳು ವರ್ಷದ ಸಮೇತ. ಆ ಅವಧಿಯಲ್ಲಿ ಏನಾದರೂ ಕಲಿತಿದ್ದರೆ ಕೆಳಗೆ ಒಂದು ಸಾಲು. ಕಾಯಿಲೆಯ ವಿವರ, ಕ್ಷಮೆ, ಸಮಜಾಯಿಷಿ ಬೇಡ. ಬಿಡುವು ಮುಚ್ಚಲು ತಾರೀಕುಗಳನ್ನೆಲ್ಲ ಕೊನೆಗೆ ತಳ್ಳಿ ಕೌಶಲಗಳನ್ನೇ ಮುಂದಿಟ್ಟು ಬರೆಯುವ ಮಾದರಿ ಒಂದಿದೆ. ಅದನ್ನು ಹಿಡಿಯಬೇಡಿ, ಯಾವ ಕೆಲಸ ಯಾವಾಗ, ಎಲ್ಲಿ ಮಾಡಿದ್ದು ಅಂತ ತಿಳಿಯದೆ ಓದುವವರು ಅಲ್ಲೇ ಕೈಬಿಡುತ್ತಾರೆ.

ಹುದ್ದೆಯ ಹೆಸರು ಬದಲಿಸಲೇಬೇಡಿ. ಕೆಲಸ ಸಿಕ್ಕ ಮೇಲೆ ಹಿನ್ನೆಲೆ ಪರಿಶೀಲನೆಯವರು ಹಳೆಯ ಕಂಪನಿಗೆ ಕೇಳುವುದು ಮುಖ್ಯವಾಗಿ ಎರಡೇ: ಹುದ್ದೆ, ತಾರೀಕು. ಪತ್ರದಲ್ಲಿ ಒಂದು, ರೆಸ್ಯೂಮೆಯಲ್ಲಿ ಇನ್ನೊಂದು ಇದ್ದರೆ ಕೈಗೆ ಬಂದ ಆಫರ್ ಹೋಗಬಹುದು. ಪತ್ರದ ಹೆಸರನ್ನೇ ಬರೆದು ಪಕ್ಕದಲ್ಲಿ ಅರ್ಥವಾಗುವ ಹೆಸರು ಸೇರಿಸಿ: ‘ಅಸೋಸಿಯೇಟ್ ಗ್ರೇಡ್ 2 (ಸ್ಟೋರ್ಸ್ ಮತ್ತು ದಾಸ್ತಾನು)’. ‘ಇನ್‌ಚಾರ್ಜ್’ ಅನ್ನುವ ಮಾತು ಜವಾಬ್ದಾರಿಯ ಮಟ್ಟ ಹೇಳುತ್ತದೆ, ನಿಜವಾಗಿ ಆ ಹೊಣೆ ಇಲ್ಲದಿದ್ದರೆ ಆವರಣದಲ್ಲೂ ಬೇಡ. ಗುತ್ತಿಗೆ ಕೆಲಸವಾಗಿದ್ದರೆ ಸಂಬಳ ಕೊಟ್ಟ ಏಜೆನ್ಸಿಯ ಹೆಸರು ಮೊದಲು, ಕೆಲಸ ಮಾಡಿದ ಜಾಗ ಆಮೇಲೆ. ಪರಿಶೀಲನೆಗೆ ಸಿಗುವ ದಾಖಲೆ ಏಜೆನ್ಸಿಯ ಹತ್ತಿರವೇ ಇರುವುದು.

ಸಾಲುಗಾರ್ತಿ ಉತ್ತರಿಸಿದ್ದು

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಲಿಂಕ್ಡ್‌ಇನ್‌ನಲ್ಲಿ ಹಾಕಿರುವ ತಾರೀಕು, ಹುದ್ದೆಗಳನ್ನೂ ಇವತ್ತೇ ತಾಳೆ ನೋಡಿ. ಎರಡೂ ಕಡೆ ಬೇರೆಬೇರೆ ಇದ್ದರೆ ಯಾವುದು ನಿಜ ಅಂತ ಕೇಳಲು ಅವರು ಫೋನ್ ಮಾಡುವುದಿಲ್ಲ, ಮುಂದಿನ ಅರ್ಜಿ ತೆರೆಯುತ್ತಾರೆ.

ಮೊದಲಪುಟ ಕೇಳಿದ್ದು

ಇದೇ ಎಳೆಯಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ಅನುಭವವೇ ಇಲ್ಲದ ಫ್ರೆಶರ್‌ಗಳು ಏನು ಬರೆಯಬೇಕು? ಕಾಲೇಜಿನ ಪ್ರಾಜೆಕ್ಟ್ ಒಂದಿದೆ, ನಾಲ್ಕು ಜನ ಸೇರಿ ಮಾಡಿದ್ದು.

ಸಾಲುಗಾರ್ತಿ ಉತ್ತರಿಸಿದ್ದು

ಕ್ಷಮೆ ಯಾಕೆ, ಕೇಳಿದ್ದು ಒಳ್ಳೆಯದಾಯಿತು. ಶಿಕ್ಷಣ ಮೇಲೆ, ಅದರ ಕೆಳಗೆ ಪ್ರಾಜೆಕ್ಟ್, ಆಮೇಲೆ ಇಂಟರ್ನ್‌ಶಿಪ್ ಅಥವಾ ರಜೆಯಲ್ಲಿ ಮಾಡಿದ ಯಾವುದೇ ಕೆಲಸ. ಪ್ರಾಜೆಕ್ಟಿನ ಹೆಸರು ಬರೆದು ನಿಲ್ಲಿಸಬೇಡಿ. ಯಾವ ತೊಂದರೆಗೆ ಪರಿಹಾರ, ನಾಲ್ವರಲ್ಲಿ ನಿಮ್ಮ ಪಾಲು ಯಾವುದು, ಯಾವ ಸಾಧನ, ಕೊನೆಗೆ ಅದು ಕೆಲಸ ಮಾಡಿತೇ. ‘ನಾವು ಮಾಡಿದೆವು’ ಅಂದರೆ ನಿಮ್ಮ ಕೈ ಎಲ್ಲಿದೆ ಅಂತ ಕಾಣುವುದಿಲ್ಲ. ‘4 ಜನರ ತಂಡದಲ್ಲಿ ಡೇಟಾಬೇಸ್ ಭಾಗ ನನ್ನದು, 9 ಟೇಬಲ್‌ಗಳ ವಿನ್ಯಾಸ, ಎಸ್‌ಕ್ಯೂಎಲ್‌ನಲ್ಲಿ ವರದಿಗಳು’ ಅಂತ ಬರೆದರೆ ಇಂಟರ್‌ವ್ಯೂನ ಮೊದಲ ಪ್ರಶ್ನೆ ಅದರ ಮೇಲೇ ಬರುತ್ತದೆ, ನಿಮಗೆ ಉತ್ತರ ಗೊತ್ತಿರುವ ಜಾಗದಿಂದಲೇ ಮಾತು ಶುರುವಾಗುತ್ತದೆ. ಅಂಕ ಚೆನ್ನಾಗಿದ್ದರೆ ಅಥವಾ ಅವರು ಕೇಳಿದ್ದರೆ ಹಾಕಿ. ಹವ್ಯಾಸಕ್ಕೆ ಜಾಗ ಉಳಿದರೆ ಮಾತ್ರ, ಅದೂ ‘ಓದು, ಸಂಗೀತ’ ಅಂತಲ್ಲ.

ಅಂಚುಗೆರೆ ಉತ್ತರಿಸಿದ್ದು

ಕಳಿಸುವ ಮೊದಲು ಇಬ್ಬರೂ ನೋಡಬೇಕಾದ್ದು.

ಫೈಲಿನ ಹೆಸರು ‘ರೆಸ್ಯೂಮೆ ಫೈನಲ್ ಹೊಸದು 3’ ಅಂತಿದ್ದರೆ ಅವರ ಫೋಲ್ಡರಿನಲ್ಲಿ ಕಳೆದುಹೋಗುತ್ತದೆ. ನಿಮ್ಮ ಹೆಸರು, ಹುದ್ದೆ ಎರಡೂ ಇರಲಿ. ವರ್ಡ್‌ನಲ್ಲಿ ಫೈಲ್ ಮೆನುವಿನ ಇನ್ಫೊ ತೆರೆದು ಟೈಟಲ್, ಆಥರ್ ಖಾನೆ ನೋಡಿ. ಗೆಳೆಯರಿಂದ ಪಡೆದ ಫೈಲನ್ನು ತಿದ್ದಿದ್ದರೆ ಅವರ ಹೆಸರೇ ಅಲ್ಲಿ ಉಳಿದಿರುತ್ತದೆ. ಟ್ರ್ಯಾಕ್ ಚೇಂಜಸ್ ಆನ್ ಇದ್ದರೆ ತಿದ್ದುಪಡಿಗಳನ್ನೆಲ್ಲ ಒಪ್ಪಿ, ಕಾಮೆಂಟ್ ಅಳಿಸಿ, ಆಮೇಲೆ ಪಿಡಿಎಫ್ ಮಾಡಿ. ಅವರು ವರ್ಡ್ ಫೈಲೇ ಬೇಕು ಅಂದಿದ್ದರೆ ಅದನ್ನೇ ಕೊಡಿ.

ತಪ್ಪು ಹುಡುಕಲು ಕೊನೆಯ ಸಾಲಿನಿಂದ ಮೇಲಕ್ಕೆ ಒಂದೊಂದೇ ಸಾಲು ಜೋರಾಗಿ ಓದಿ. ಮೇಲಿನಿಂದ ಓದಿದರೆ ಕಣ್ಣು ತಾನೇ ತಿದ್ದಿಕೊಂಡು ಹೋಗಿಬಿಡುತ್ತದೆ. ಫೋನ್ ನಂಬರನ್ನು ಪಿಡಿಎಫ್‌ನಿಂದ ನೋಡಿಕೊಂಡು ಇನ್ನೊಂದು ಫೋನಿನಿಂದ ಡಯಲ್ ಮಾಡಿ. ಲಿಂಕ್‌ಗಳನ್ನು ಲಾಗಿನ್ ಆಗಿರದ ಬ್ರೌಸರಿನಲ್ಲಿ ಒತ್ತಿ ನೋಡಿ. ‘ಅನುಮತಿ ಇಲ್ಲ’ ಅಂತ ಬಂದರೆ ಅವರಿಗೂ ಅದೇ ಬರುತ್ತದೆ. ಕೊನೆಗೆ ನಿಮಗೇ ಮೇಲ್ ಮಾಡಿಕೊಂಡು ಮೊಬೈಲಿನಲ್ಲಿ ತೆರೆಯಿರಿ.

ಕಳಿಸಿದ ಪ್ರತಿಯ ಜೊತೆ ಆ ಜಾಹೀರಾತನ್ನೂ ಒಂದೇ ಫೋಲ್ಡರಿನಲ್ಲಿ ಉಳಿಸಿಟ್ಟುಕೊಳ್ಳಿ. ಅರ್ಜಿಯ ಗಡುವು ಮುಗಿದ ಮೇಲೆ ಜಾಹೀರಾತು ತಾಣದಿಂದ ಹೋಗಿಬಿಡುತ್ತದೆ. ಮೂರು ವಾರ ಬಿಟ್ಟು ಕರೆ ಬಂದಾಗ ಅವರು ಏನು ಕೇಳಿದ್ದರು, ನೀವು ಯಾವ ಸಾಲು ಕಳಿಸಿದ್ದಿರಿ ಅಂತ ನೋಡಲು ಅದೊಂದೇ ದಾರಿ.